ಅಲ್ಪ ಮೆಮೊರಿಯ ಗಣಕಯಂತ್ರವೂ ಲಿನಕ್ಸ್ ವ್ಯವಸ್ಥೆಯ ಲಘುತ್ವವೂ

೧

ಗಣಕಯಂತ್ರವೊಂದು ಹಳೆಯದಾಯಿತೆಂದು ಯಾವಾಗ ಹೇಳಬೇಕು? ಗಡಿಯಾರ, ಹೊಲಿಗೆಯ ಯಂತ್ರ, ನೀರೆತ್ತುವ ಪಂಪು ಮೊದಲಾದುವುಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವು ಸುಲಭವಾದುದು. ಅವುಗಳ ಅಂಗಗಳು ಸವೆದು, ಹಿಂದೆ ಮಾಡುತ್ತಿದ್ದ ಕೆಲಸವನ್ನು ಮಾಡಲಾರದೆ ಹೋದಾಗ ಅವು ಹಳೆಯವಾದುವೆಂದು ಎಲ್ಲರೂ ಒಪ್ಪುತ್ತಾರೆ. ಗಣಕಯಂತ್ರದ ಸಂಗತಿಯು ಬೇರೆ. ಹದಿನೈದು ವರ್ಷಗಳ ಹಿಂದೆ ಕೊಂಡ ಯಂತ್ರದ ಪ್ರೊಸೆಸರು ಒಂದು ಸೆಕೆಂಡಿನಲ್ಲಿ ಅಂದು ಎಷ್ಟು ಗಣನೆಗಳನ್ನು ಮಾಡಬಲ್ಲುದಾಗಿತ್ತೋ ಇಂದೂ ಅಷ್ಟನ್ನೇ ಮಾಡಬಲ್ಲುದು. ಆದರೂ ಅದು ನಿಧಾನವಾಯಿತೆಂದು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಅದನ್ನು ಮೂಲೆಗೆ ಸರಿಸುತ್ತಾರೆ. ಯಂತ್ರದ ಶಕ್ತಿಯು ಇದ್ದಂತೆಯೇ ಇದ್ದು, ಅದರ ಮೇಲೆ ಹೇರುವ ಹೊರೆಯು ಬೆಳೆದುದೇ ಇದಕ್ಕೆ ಮುಖ್ಯವಾದ ಕಾರಣವು.

ಈ ಪ್ರಶ್ನೆಯು ಕೇವಲ ಶಾಸ್ತ್ರವಿನೋದಕ್ಕಾಗಿ ಎತ್ತಿದುದಲ್ಲ. ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ೨೦೨೧ರಲ್ಲಿ ಹೊರಬಂದ ವಿಂಡೋಸ್ ೧೧ ಕನಿಷ್ಠಪಕ್ಷ ೪ ಜಿ.ಬಿ. ಮೆಮೊರಿಯನ್ನೂ ೬೪ ಜಿ.ಬಿ. ಸಂಗ್ರಹಸ್ಥಳವನ್ನೂ, ಟಿ.ಪಿ.ಎಂ. ೨.೦ ಎಂಬ ಭದ್ರತೆಯ ಅಂಗವನ್ನೂ ಅಪೇಕ್ಷಿಸುತ್ತದೆ. ಈ ಅಂಗಗಳಿಲ್ಲದ ಯಂತ್ರಗಳು ಕೆಡದಿದ್ದರೂ ಕೈಬಿಟ್ಟವುಗಳ ಸಾಲಿಗೆ ಸೇರಿದುವು. ಭದ್ರತೆಯ ತಿದ್ದುಪಡಿಗಳು ಬಾರದ ವ್ಯವಸ್ಥೆಯಿಂದ ಅಂತರ್ಜಾಲದಲ್ಲಿ ವ್ಯವಹರಿಸುವುದು ಕ್ಷೇಮಕರವಲ್ಲ. ಹೊಸ ಯಂತ್ರವನ್ನು ಕೊಳ್ಳಲಾರದ ಶಾಲೆಯೋ ವಾಚನಾಲಯವೋ ಏನು ಮಾಡತಕ್ಕದ್ದು? ಲಿನಕ್ಸಿನ ಹಗುರವಾದ ಒಂದು ವಿತರಣೆಯನ್ನು ಹಾಕಿಕೊಳ್ಳಿರೆಂದು ಬಲ್ಲವರು ಹೇಳುವುದುಂಟು. ಈ ಸಲಹೆಯು ಒಳ್ಳೆಯದೇ. ಆದರೆ 'ಹಗುರ' ಎಂಬ ಮಾತಿನ ಅರ್ಥವು ಸ್ಪಷ್ಟವಾಗದೆ ಅದನ್ನು ಅನುಸರಿಸಿದವರು ಅನೇಕ ವೇಳೆ ನಿರಾಶರಾಗುತ್ತಾರೆ. ಆ ಅರ್ಥವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨

ಯಂತ್ರವು ನಿಧಾನವಾಗುವ ಬಗೆಯನ್ನು ಮೊದಲು ತಿಳಿಯಬೇಕು. ನಡೆಯುತ್ತಿರುವ ಕಾರ್ಯಕ್ರಮವೂ ಅದರ ದತ್ತಾಂಶವೂ ಮೆಮೊರಿಯಲ್ಲಿರುತ್ತವೆ. ಉಳಿದುದೆಲ್ಲವೂ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಮೆಮೊರಿಯು ಸಾಲದೆ ಬಂದಾಗ ಅದನ್ನು ಸಮಾನ ಗಾತ್ರದ ಪುಟಗಳಾಗಿ ವಿಭಾಗಿಸಿ, ಸದ್ಯಕ್ಕೆ ಬೇಡವಾದ ಪುಟಗಳನ್ನು ಹೊರಗಿರಿಸಿ ಬೇಕಾದುವನ್ನು ಒಳಕ್ಕೆ ತರುವ ಉಪಾಯವನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಟ್ಲಸ್ ಎಂಬ ಯಂತ್ರದಲ್ಲಿ ೧೯೬೨ರಲ್ಲಿಯೇ ಕಾರ್ಯಕ್ಕೆ ತಂದಿದ್ದರು. ಇಂದಿನ ಸಾಮಾನ್ಯ ಯಂತ್ರಗಳಲ್ಲಿ ಒಂದು ಪುಟವು ೪,೦೯೬ ಬೈಟುಗಳಷ್ಟಿರುತ್ತದೆ. ಆದುದರಿಂದ ೧ ಜಿ.ಬಿ. ಮೆಮೊರಿಯಲ್ಲಿ ೨,೬೨,೧೪೪ ಪುಟಗಳು ಹಿಡಿಸುತ್ತವೆ.

ಈ ಉಪಾಯಕ್ಕೆ ತೆರಬೇಕಾದ ಬೆಲೆಯೆಷ್ಟೆಂಬುದನ್ನು ನೋಡೋಣ. ಮೆಮೊರಿಯಿಂದ ಒಂದು ಅಂಶವನ್ನು ಓದಲು ಸುಮಾರು ೧೦೦ ನ್ಯಾನೋಸೆಕೆಂಡು ಹಿಡಿದರೆ, ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅದನ್ನು ಹುಡುಕಿ ತೆಗೆಯಲು ಸುಮಾರು ೧೦ ಮಿಲಿಸೆಕೆಂಡು ಹಿಡಿಯುತ್ತದೆ. ಎರಡಕ್ಕೂ ಲಕ್ಷದಷ್ಟು ಅಂತರ. ಪಂಡಿತನೊಬ್ಬನು ತನ್ನ ಮೇಜಿನ ಮೇಲಿರುವ ಪುಸ್ತಕವನ್ನು ಒಂದು ಸೆಕೆಂಡಿನಲ್ಲಿ ಕೈಗೆತ್ತಿಕೊಳ್ಳುವನೆಂದು ಭಾವಿಸಿದರೆ, ಮೇಜಿನ ಮೇಲಿಲ್ಲದ ಪುಸ್ತಕವು ಉಗ್ರಾಣದಿಂದ ಬರಲು ಇಪ್ಪತ್ತೇಳು ಗಂಟೆಗಳಿಗೂ ಹೆಚ್ಚು ಕಾಲ ಅವನು ಕಾಯಬೇಕಾದಂತಾಯಿತು. ದಿನಕ್ಕೊಮ್ಮೆ ಹೀಗಾದರೆ ಸಹಿಸಬಹುದು. ಪ್ರತಿ ವಾಕ್ಯಕ್ಕೂ ಹೀಗಾದರೆ ಅವನ ಗ್ರಂಥವು ಮುಗಿಯುವ ಬಗೆಯೆಂತು?

ಒಂದು ಕೆಲಸವು ಒಂದು ಅಲ್ಪಕಾಲದಲ್ಲಿ ನಿಜವಾಗಿ ಬಳಸುವ ಪುಟಗಳ ಸಮೂಹಕ್ಕೆ ಪೀಟರ್ ಡೆನ್ನಿಂಗ್ ಎಂಬ ವಿದ್ವಾಂಸರು ೧೯೬೮ರಲ್ಲಿ 'ವರ್ಕಿಂಗ್ ಸೆಟ್' ಎಂಬ ಹೆಸರನ್ನಿತ್ತು ಅದರ ಸಿದ್ಧಾಂತವನ್ನು ನಿರೂಪಿಸಿದರು. ಅದನ್ನು ನಾವು ಕಾರ್ಯಸಮೂಹವೆನ್ನಬಹುದು. ಕಾರ್ಯಸಮೂಹವು ಮೆಮೊರಿಯಲ್ಲಿ ಹಿಡಿಸುವವರೆಗೆ ಯಂತ್ರವು ಸುಖವಾಗಿ ನಡೆಯುತ್ತದೆ. ಅದು ಮಿತಿಯನ್ನು ಸ್ವಲ್ಪ ಮೀರಿದರೂ ಸಾಕು, ಈಗತಾನೆ ಹೊರಗೆ ಹಾಕಿದ ಪುಟವೇ ಮರುಕ್ಷಣದಲ್ಲಿ ಬೇಕಾಗಿ, ಅದನ್ನು ತರಲು ಮತ್ತೊಂದನ್ನು ಹೊರಗೆ ಹಾಕಿ, ಯಂತ್ರವು ತನ್ನ ಕಾಲವನ್ನೆಲ್ಲ ಈ ಹೊತ್ತಾಟದಲ್ಲಿಯೇ ಕಳೆಯುತ್ತದೆ. ಆದುದರಿಂದಲೇ ಅಲ್ಪ ಮೆಮೊರಿಯ ಯಂತ್ರವು ಕ್ರಮಕ್ರಮವಾಗಿ ನಿಧಾನವಾಗದೆ, ಒಂದು ಮಿತಿಯನ್ನು ದಾಟಿದೊಡನೆ ಹಠಾತ್ತಾಗಿ ಸ್ತಬ್ಧವಾದಂತೆ ತೋರುತ್ತದೆ. ಲಘುತ್ವವೆಂದರೆ, ನಾವು ಮಾಡಬೇಕಾದ ಕೆಲಸದ ಕಾರ್ಯಸಮೂಹವು ಇರುವ ಮೆಮೊರಿಯೊಳಗೆ ಹಿಡಿಸುವಂತೆ ವ್ಯವಸ್ಥೆಯನ್ನು ಅಳವಡಿಸುವುದು. ಮುಂದೆ ಹೇಳುವುದೆಲ್ಲವೂ ಈ ಒಂದು ಲಕ್ಷಣದಿಂದಲೇ ಹೊರಡುತ್ತದೆ.

೩

ಲಿನಕ್ಸ್ ಸ್ವಭಾವತಃ ಹಗುರವಾದುದೆಂಬ ನಂಬಿಕೆಯು ಪ್ರಚಾರದಲ್ಲಿದೆ. ಅದರ ಹುಟ್ಟು ಈ ನಂಬಿಕೆಗೆ ಪೋಷಕವಾಗಿದೆಯೆಂಬುದು ನಿಜ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಅದನ್ನು ರಚಿಸಿದುದು ಕೇವಲ ೪ ಎಂ.ಬಿ. ಮೆಮೊರಿಯುಳ್ಳ ೩೮೬ ಪ್ರೊಸೆಸರಿನ ಯಂತ್ರದಲ್ಲಿ. ಆದರೆ ೨೦೧೩ರಲ್ಲಿ ಹೊರಬಂದ ೩.೮ನೆಯ ಆವೃತ್ತಿಯಿಂದ ಲಿನಕ್ಸಿನ ಕರ್ನಲ್ ಆ ೩೮೬ ಪ್ರೊಸೆಸರನ್ನೇ ಕೈಬಿಟ್ಟಿತು. ತಾನು ಹುಟ್ಟಿದ ಮನೆಯಲ್ಲಿ ಅದು ಈಗ ವಾಸಿಸಲಾರದು. ಇಂದಿನ ದೊಡ್ಡ ವಿತರಣೆಗಳು ಬೇರೆ ವ್ಯವಸ್ಥೆಗಳಂತೆಯೇ ಹಲವು ಜಿ.ಬಿ.ಗಳನ್ನು ಬಯಸುತ್ತವೆ.

ಹಾಗಾದರೆ ಲಿನಕ್ಸಿನ ವಿಶೇಷವೇನು? ಅದು ಬಿಡಿಸಬಹುದಾದ ವ್ಯವಸ್ಥೆ. ಕರ್ನಲ್, ಹಿನ್ನೆಲೆಯಲ್ಲಿ ನಡೆಯುವ ಸೇವೆಗಳು, ಗ್ರಂಥಾಲಯಗಳೆಂದು ಕರೆಯಲ್ಪಡುವ ಸಾಮಾನ್ಯ ಭಾಗಗಳು, ಪರದೆಯ ಚಿತ್ರಣ, ಡೆಸ್ಕ್‌ಟಾಪ್ ಇವು ಒಂದರ ಮೇಲೊಂದು ಇಟ್ಟ ಅಂತಸ್ತುಗಳಂತೆ ಇವೆ. ಒಂದನ್ನು ತೆಗೆದು ಅದರ ಸ್ಥಾನದಲ್ಲಿ ಚಿಕ್ಕದಾದ ಮತ್ತೊಂದನ್ನು ಇರಿಸಬಹುದು. ೧೯೯೨ರಲ್ಲಿ ಕರ್ನಲ್ಲನ್ನು ಜಿ.ಪಿ.ಎಲ್. ಎಂಬ ಪರವಾನಗಿಯ ಮೇಲೆ ಪ್ರಕಟಿಸಿದುದರಿಂದ, ಹೀಗೆ ಬದಲಾಯಿಸಿ ಹಂಚುವ ಅಧಿಕಾರವೂ ಎಲ್ಲರಿಗೂ ಉಂಟು.

೪

ಹಗುರಗೊಳಿಸುವ ಮಾರ್ಗಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಡೆಸ್ಕ್‌ಟಾಪನ್ನು ಬದಲಾಯಿಸುವುದು. ೧೯೯೬ರಲ್ಲಿ ಆರಂಭವಾದ ಎಕ್ಸ್‌ಎಫ್‌ಸಿಇ, ೨೦೦೬ರಲ್ಲಿ ಆರಂಭವಾದ ಎಲ್‌ಎಕ್ಸ್‌ಡಿಇ, ಅದರಿಂದ ಹುಟ್ಟಿದ ಎಲ್‌ಎಕ್ಸ್‌ಕ್ಯೂಟಿ ಇವು ಪೂರ್ಣವಾದ ಡೆಸ್ಕ್‌ಟಾಪ್‌ಗಳು. ಇನ್ನೂ ಸ್ವಲ್ಪದರಲ್ಲಿ ತೃಪ್ತರಾಗುವವರು ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂ ಮೊದಲಾದ ಕಿಟಕಿಗಳ ನಿರ್ವಾಹಕವೊಂದನ್ನೇ ಇರಿಸಿಕೊಳ್ಳಬಹುದು. ಆಂಟಿಎಕ್ಸ್ ಎಂಬ ವಿತರಣೆಯು ಈ ಕ್ರಮವನ್ನು ಅನುಸರಿಸಿದೆ.

ಎರಡನೆಯದು ಕೆಳಗಿನ ಅಂತಸ್ತುಗಳನ್ನು ಚಿಕ್ಕದು ಮಾಡುವುದು. ಡೆಬಿಯನ್ ವಿತರಣೆಯ ಸ್ಥಾಪನೆಗೆ ಬೇಕಾದುದೆಲ್ಲವನ್ನೂ ಫ್ಲಾಪಿಯೊಂದರಲ್ಲಿ ಅಡಕಮಾಡಬೇಕೆಂದು ಬ್ರೂಸ್ ಪೆರೆನ್ಸ್ ಎಂಬವರು ೧೯೯೦ರ ದಶಕದ ಮಧ್ಯದಲ್ಲಿ ಬಿಸಿಬಾಕ್ಸ್ ಎಂಬುದನ್ನು ಬರೆದರು. ಬೇರೆ ಬೇರೆ ಕಡತಗಳಾಗಿರಬೇಕಾದ ಅನೇಕ ಆಜ್ಞೆಗಳು ಅದರಲ್ಲಿ ಒಂದೇ ಕಾರ್ಯಕ್ರಮವಾಗಿ ಸೇರಿವೆ. ಆಲ್ಪೈನ್ ಲಿನಕ್ಸ್ ಇದನ್ನು ಇಂದಿಗೂ ಆಶ್ರಯಿಸಿದೆ.

ಮೂರನೆಯದು ವ್ಯವಸ್ಥೆಯನ್ನೆಲ್ಲ ಮೆಮೊರಿಗೆ ತುಂಬಿಕೊಂಡು ಅಲ್ಲಿಂದಲೇ ನಡೆಯಿಸುವುದು. ೨೦೦೩ರಲ್ಲಿ ಬ್ಯಾರಿ ಕೌಲರ್ ಆರಂಭಿಸಿದ ಪಪ್ಪಿ ಲಿನಕ್ಸ್, ಇಪ್ಪತ್ತು ಎಂ.ಬಿ.ಯ ಸುಮಾರಿನ ಟೈನಿ ಕೋರ್ ಇವು ಈ ವರ್ಗದವು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಈ ಕ್ರಮವು ನಿಧಾನವಾದ ಡಿಸ್ಕಿನ ದೋಷಕ್ಕೆ ಪರಿಹಾರವೇ ಹೊರತು ಮೆಮೊರಿಯ ಕೊರತೆಗಲ್ಲ; ತುಂಬಿಕೊಂಡ ಭಾಗವು ಮೆಮೊರಿಯಲ್ಲಿಯೇ ಸ್ಥಳವನ್ನು ಆಕ್ರಮಿಸುತ್ತದೆ. ರೋಗವಾವುದೆಂದು ತಿಳಿಯದೆ ಔಷಧವನ್ನು ಕೊಡಲಾಗದು.

ನಾಲ್ಕನೆಯದು ಜೆಡ್‌ರ್ಯಾಮ್ ಎಂಬ ಉಪಾಯ. ಇದು ೨೦೧೪ರಲ್ಲಿ ಬಂದ ೩.೧೪ನೆಯ ಆವೃತ್ತಿಯಿಂದ ಕರ್ನಲ್ಲಿನ ಅಂಗವಾಗಿದೆ. ಸದ್ಯಕ್ಕೆ ಬೇಡದ ಪುಟಗಳನ್ನು ಡಿಸ್ಕಿಗೆ ಕಳುಹಿಸುವ ಬದಲು, ಅವುಗಳನ್ನು ಕುಗ್ಗಿಸಿ ಮೆಮೊರಿಯ ಒಂದು ಭಾಗದಲ್ಲಿಯೇ ಇರಿಸುತ್ತದೆ. ಎರಡು ಪುಟಗಳು ಒಂದರ ಸ್ಥಳದಲ್ಲಿ ಹಿಡಿಸಬಹುದೆಂಬುದು ಕರ್ನಲ್ ರಚಿಸುವವರ ಸಾಮಾನ್ಯ ನಿರೀಕ್ಷೆಯು. ಕುಗ್ಗಿಸಿ ಹಿಗ್ಗಿಸುವ ಶ್ರಮವು ಪ್ರೊಸೆಸರಿನ ಪಾಲಿಗೆ ಬೀಳುತ್ತದೆ. ಆದರೂ ಡಿಸ್ಕಿಗೆ ಹೋಗಿಬರುವ ಕಾಲದೊಡನೆ ಹೋಲಿಸಿದರೆ ಅದು ಅತ್ಯಲ್ಪವು.

೫

ಯಾವ ವಿತರಣೆಯು ಹಗುರವೆಂಬ ಚರ್ಚೆಯಲ್ಲಿ, ಏನೂ ಕೆಲಸವಿಲ್ಲದಾಗ ಅದು ಎಷ್ಟು ಮೆಮೊರಿಯನ್ನು ಬಳಸುತ್ತದೆಂಬ ಅಂಕಿಯನ್ನೇ ಪ್ರಮಾಣವಾಗಿ ಹೇಳುವ ರೂಢಿಯಿದೆ. ಈ ಪ್ರಮಾಣವು ಎರಡು ಕಾರಣಗಳಿಂದ ದುರ್ಬಲವಾದುದು. ಒಂದನೆಯದಾಗಿ, ಲಿನಕ್ಸ್ ಬರಿದಾಗಿರುವ ಮೆಮೊರಿಯಲ್ಲಿ ಡಿಸ್ಕಿನಿಂದ ಓದಿದ ಕಡತಗಳ ಪ್ರತಿಗಳನ್ನು ಇರಿಸಿಕೊಂಡಿದ್ದು, ಬೇಕೆಂದಾಗ ಬಿಟ್ಟುಕೊಡುತ್ತದೆ. ಆದುದರಿಂದ 'ಫ್ರೀ' ಎಂಬ ಆಜ್ಞೆಯನ್ನು ಕೊಟ್ಟಾಗ ಬರುವ ಪಟ್ಟಿಯಲ್ಲಿ ಅದೇ ಹೆಸರಿನ ಕಲಮನ್ನು ನೋಡಿ ಗಾಬರಿಗೊಳ್ಳದೆ, 'ಅವೈಲಬಲ್' ಎಂಬ ಕಲಮನ್ನು ನೋಡತಕ್ಕದ್ದು. ಎರಡನೆಯದಾಗಿ, ಕೆಲಸವಿಲ್ಲದ ಯಂತ್ರವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ೨ ಜಿ.ಬಿ.ಯ ಯಂತ್ರದಲ್ಲಿ ಡೆಸ್ಕ್‌ಟಾಪನ್ನು ಬದಲಾಯಿಸಿ ಅರ್ಧ ಜಿ.ಬಿ.ಯನ್ನು ಉಳಿಸಿದೆವೆಂದು ಭಾವಿಸೋಣ. ಬ್ರೌಸರಿನಲ್ಲಿ ಹತ್ತು ಪುಟಗಳನ್ನು ಒಟ್ಟಿಗೆ ತೆರೆದರೆ ಆ ಉಳಿತಾಯವೆಲ್ಲ ಕರಗಿಹೋಗಬಹುದು. ಒಂದು ತಾಣದ ಮಾಹಿತಿಯನ್ನು ಮತ್ತೊಂದು ಕದಿಯದಂತೆ ಪ್ರತಿಯೊಂದು ತಾಣವನ್ನೂ ಬೇರೆ ಪ್ರಕ್ರಿಯೆಯಲ್ಲಿ ನಡೆಯಿಸುವ ಪದ್ಧತಿಯನ್ನು ೨೦೧೮ರಲ್ಲಿ ಕ್ರೋಮ್ ಬ್ರೌಸರು ಸಾಮಾನ್ಯಗೊಳಿಸಿತು. ಇದು ಭದ್ರತೆಗೆ ಅವಶ್ಯಕವೇ ಆದರೂ ಮೆಮೊರಿಗೆ ಭಾರವು. ಅಂತರ್ಜಾಲದ ಈ ಭಾರವನ್ನು ಯಾವ ವಿತರಣೆಯೂ ಇಳಿಸಲಾರದು. ತೆರೆದಿಡುವ ಪುಟಗಳ ಸಂಖ್ಯೆಯಲ್ಲಿ ಬಳಸುವವನೇ ಮಿತಿಯನ್ನು ಪಾಲಿಸಬೇಕು.

೬

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ವಿಶೇಷವಾದ ಶಂಕೆಯು ಹುಟ್ಟಬಹುದು: ನಮ್ಮ ಲಿಪಿಯೇ ಭಾರವಾದುದಲ್ಲವೆ? ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. 'ಲಕ್ಷ್ಮೀ' ಎಂಬ ಮಾತಿನಲ್ಲಿ ಏಳು ಸಂಕೇತಗಳಿವೆ. ಆದುದರಿಂದ ಇಪ್ಪತ್ತೊಂದು ಬೈಟುಗಳು. ಆದರೆ ಐದು ಲಕ್ಷ ಸಂಕೇತಗಳ ದೊಡ್ಡ ಗ್ರಂಥವೊಂದು ಸಹ ಹದಿನೈದು ಲಕ್ಷ ಬೈಟುಗಳಲ್ಲಿ, ಎಂದರೆ ಸುಮಾರು ಒಂದೂವರೆ ಎಂ.ಬಿ.ಯಲ್ಲಿ ಹಿಡಿಸುತ್ತದೆ. ಪಠ್ಯವು ಭಾರವಲ್ಲವೆಂಬುದು ಇದರಿಂದ ಸಿದ್ಧವಾಯಿತು.

ತೊಡಕಿರುವುದು ಬೇರೆಡೆಯಲ್ಲಿ. ಅತಿ ಚಿಕ್ಕ ವಿತರಣೆಗಳು ಗಾತ್ರವನ್ನು ಇಳಿಸುವಾಗ ಭಾರತೀಯ ಲಿಪಿಗಳ ಫಾಂಟುಗಳನ್ನು ಬಿಟ್ಟಿರಬಹುದು. ಆಗ ಕನ್ನಡದ ಜಾಗದಲ್ಲಿ ಬರಿಯ ಚೌಕಗಳು ಕಾಣುತ್ತವೆ. ಲೋಹಿತ್, ಗುಬ್ಬಿ, ನವಿಲು ಇವುಗಳಲ್ಲಿ ಒಂದು ಫಾಂಟನ್ನು ಸೇರಿಸಿದರೆ ಈ ದೋಷವು ನೀಗುತ್ತದೆ. ಚಿತ್ರಣವಿಲ್ಲದೆ ಅಕ್ಷರಗಳಲ್ಲಿಯೇ ನಡೆಯುವ ಲಿನಕ್ಸಿನ ಕನ್ಸೋಲು ಮಾತ್ರ ಹೆಚ್ಚೆಂದರೆ ೫೧೨ ಆಕೃತಿಗಳನ್ನು ಬಲ್ಲುದು, ಒತ್ತಕ್ಷರಗಳನ್ನು ಜೋಡಿಸಲರಿಯದು. ಆದಕಾರಣ ಕನ್ನಡದ ಕೆಲಸಕ್ಕೆ ಚಿತ್ರಣದ ಅಂತಸ್ತನ್ನು ತೆಗೆದುಹಾಕಲಾಗದು. ಕೀಲಿಮಣೆಯ ವಿಷಯದಲ್ಲಿ ಸಂತೋಷದ ಸಂಗತಿಯೊಂದಿದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರುವ ಎಕ್ಸ್‌ಕೆಬಿ ವಿನ್ಯಾಸಗಳ ಪಟ್ಟಿಯಲ್ಲಿಯೇ ಕನ್ನಡವೂ, ಕಗಪ ಎಂಬ ಹೆಸರಿನ ವಿನ್ಯಾಸವೂ ಸೇರಿರುವುದರಿಂದ, ಮೆಮೊರಿಯನ್ನು ಬಯಸುವ ಬೇರೊಂದು ಕಾರ್ಯಕ್ರಮವಿಲ್ಲದೆಯೇ ಬೆರಳಚ್ಚು ಮಾಡಬಹುದು.

೭

ಇಷ್ಟಾದರೂ ಹಳೆಯ ಯಂತ್ರವನ್ನು ಎಂದೆಂದಿಗೂ ನಡೆಯಿಸಬಹುದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ೩೨ ಬಿಟ್ಟಿನ ವ್ಯವಸ್ಥೆಯಲ್ಲಿ ವಿಳಾಸಗಳು ೬೪ ಬಿಟ್ಟಿನದರ ಅರ್ಧದಷ್ಟೇ ಸ್ಥಳವನ್ನು ಬಳಸುವುದರಿಂದ ಅದು ಅಲ್ಪ ಮೆಮೊರಿಗೆ ಅನುಕೂಲವಾಗಿತ್ತು. ಆದರೆ ೨೦೨೫ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ ೧೩, ೩೨ ಬಿಟ್ಟಿನ ಸಾಮಾನ್ಯ ಪಿ.ಸಿ.ಗಳಿಗೆ ಕರ್ನಲ್ಲನ್ನೂ ಸ್ಥಾಪನೆಯ ಸಾಧನವನ್ನೂ ಒದಗಿಸುವುದನ್ನು ನಿಲ್ಲಿಸಿತು; ಅದೇ ವರ್ಷ ಫೈರ್‌ಫಾಕ್ಸ್ ಕೂಡ ತನ್ನ ೧೪೫ನೆಯ ಆವೃತ್ತಿಯಿಂದ ೩೨ ಬಿಟ್ಟಿನ ಲಿನಕ್ಸನ್ನು ಕೈಬಿಟ್ಟಿತು. ಆದುದರಿಂದ ಮೊದಲು ಪ್ರೊಸೆಸರು ೬೪ ಬಿಟ್ಟಿನದೇ ಎಂಬುದನ್ನು ಪರೀಕ್ಷಿಸಬೇಕು. ಹಾಗಿದ್ದರೆ ೬೪ ಬಿಟ್ಟಿನ ವಿತರಣೆಯನ್ನೇ ಆರಿಸುವುದು ಲೇಸು. ಹಾಗಿಲ್ಲದಿದ್ದರೆ ಆ ಯಂತ್ರವನ್ನು ಅಂತರ್ಜಾಲದಿಂದ ದೂರವಿರಿಸಿ ಬರೆವಣಿಗೆಗೂ ಕಲಿಕೆಗೂ ಉಪಯೋಗಿಸಬಹುದು.

ಮೆಮೊರಿಯನ್ನು ಸೇರಿಸಲು ಎಡೆಯಿದ್ದರೆ ಮೊದಲು ಅದನ್ನೇ ಸೇರಿಸತಕ್ಕದ್ದು. ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕಿದರೆ, ಹಿಂದೆ ಹೇಳಿದ ಪಂಡಿತನು ಇಪ್ಪತ್ತೇಳು ಗಂಟೆಗಳಿಗೆ ಬದಲಾಗಿ ಸುಮಾರು ಹದಿನೇಳು ನಿಮಿಷಗಳಲ್ಲಿ ಪುಸ್ತಕವನ್ನು ಪಡೆಯುತ್ತಾನೆ. ಬಳಿಕ ಕಡತಗಳ ಪ್ರತಿಯನ್ನು ಬೇರೆಡೆ ಭದ್ರಪಡಿಸಿ, ಪೆನ್ ಡ್ರೈವಿನಿಂದಲೇ ವಿತರಣೆಯನ್ನು ನಡೆಯಿಸಿ, ತೆರೆಯು, ಧ್ವನಿಯು, ವೈಫೈಯು ಸರಿಯಾಗಿವೆಯೇ ಎಂಬುದನ್ನು ನೋಡಿ, ಆಮೇಲೆ ಸ್ಥಾಪಿಸಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮಗೆ ಅವಶ್ಯವಾದ ಕೆಲಸದ ಕಾರ್ಯಸಮೂಹವು ಯಾವ ಉಪಾಯದಿಂದಲೂ ಮೆಮೊರಿಯಲ್ಲಿ ಹಿಡಿಸದೆ ಹೋದಾಗ, ಇಲ್ಲವೆ ಆ ಕೆಲಸವನ್ನು ಕ್ಷೇಮವಾಗಿ ಮಾಡಿಸುವ ತಿದ್ದುಪಡಿಗಳು ನಿಂತುಹೋದಾಗ, ಯಂತ್ರವು ಆ ಕೆಲಸಕ್ಕೆ ಹಳೆಯದಾಯಿತು. ಮತ್ತೊಂದು ಕೆಲಸಕ್ಕೆ ಅದು ಇನ್ನೂ ಯೋಗ್ಯವಾಗಿರಬಹುದು. ಶಾಲೆಯ ಮೂಲೆಯಲ್ಲಿ ಧೂಳು ಹಿಡಿದಿರುವ ಯಂತ್ರಗಳನ್ನು ಗುಜರಿಗೆ ಕೊಡುವ ಮುನ್ನ, ಪೆನ್ ಡ್ರೈವೊಂದನ್ನು ಹಿಡಿದು ಒಂದು ಮಧ್ಯಾಹ್ನದ ಹೊತ್ತನ್ನು ಈ ಪರೀಕ್ಷೆಗೆ ಕೊಡುವುದು ಯುಕ್ತವಾಗಿದೆ.