ಅಪೀಲು ಹಿಂಪಡೆದ ನಾಯಕ

1980ರ ಫೆಬ್ರುವರಿ 16, ಶನಿವಾರ. ಅಂಕೋಲಾದಿಂದ ರಾಯಚೂರಿನವರೆಗೆ ಹಗಲಲ್ಲೇ ಕತ್ತಲು ಕವಿದ ದಿನ. ಖಗ್ರಾಸ ಸೂರ್ಯಗ್ರಹಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಪೂರ್ತಿ ಕತ್ತಲಾಗಲಿಲ್ಲ. ಆದರೂ ಊಟದ ಪದಾರ್ಥಗಳ ಮೇಲೆ ದರ್ಭೆ ಬಿತ್ತು, ಬಾಗಿಲುಗಳು ಮುಚ್ಚಿದವು. ಮುಂಬೈಯ ವಾಂಖೆಡೆ ಕ್ರೀಡಾಂಗಣವೂ ಅಂದು ಖಾಲಿ. ಭಾರತೀಯ ಕ್ರಿಕೆಟ್ ಮಂಡಳಿಗೆ ಐವತ್ತು ತುಂಬಿದ ಸಂಭ್ರಮಕ್ಕೆ ಇಂಗ್ಲೆಂಡ್ ತಂಡವನ್ನು ಕರೆಸಿ ಆಡಿಸುತ್ತಿದ್ದ ಏಕೈಕ ಟೆಸ್ಟ್‌ಗೆ, ಗ್ರಹಣದ ಕಾರಣಕ್ಕೆ, ಒಂದೇ ದಿನದ ಆಟದ ನಂತರ ವಿಶ್ರಾಂತಿ ದಿನ ಕೊಟ್ಟಿದ್ದರು.

ಗ್ರಹಣ ಬಿಟ್ಟ ಮೇಲೆ ನಡೆದದ್ದು ಭಾರತದ ಕ್ರಿಕೆಟ್‌ನಲ್ಲಿ ಅಪರೂಪದ ಪ್ರಸಂಗ.

ಮೊದಲ ಇನಿಂಗ್ಸ್‌ನಲ್ಲಿ ಭಾರತ 242 ರನ್ ಮಾಡಿತ್ತು. ಉತ್ತರ ಕೊಡಲು ಇಳಿದ ಇಂಗ್ಲೆಂಡ್ 60 ರನ್ ಮುಟ್ಟುವ ಮೊದಲೇ ಐದು ವಿಕೆಟ್ ಕಳೆದುಕೊಂಡಿತು. ಇಯಾನ್ ಬೋಥಮ್ ಜೊತೆ ವಿಕೆಟ್ ಕೀಪರ್ ಬಾಬ್ ಟೇಲರ್ ನಿಂತರು. ಕಪಿಲ್ ದೇವ್ ಎಸೆದ ಚೆಂಡು ಟೇಲರ್ ಅವರನ್ನು ದಾಟಿ ಸೈಯದ್ ಕಿರ್ಮಾನಿ ಕೈ ಸೇರಿತು. ಅಪೀಲು ಎದ್ದಿತು, ಅಂಪೈರ್ ಹನುಮಂತ ರಾವ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಯೇ ಇಲ್ಲ ಎಂಬಂತೆ ಟೇಲರ್ ಅಲ್ಲೇ ತಡೆದು ನಿಂತರು. ಮೊದಲ ಸ್ಲಿಪ್‌ನಲ್ಲಿದ್ದ ಭಾರತದ ನಾಯಕ ಜಿ.ಆರ್. ವಿಶ್ವನಾಥ್ ಅವರಿಗೂ ಹಾಗೇ ಅನ್ನಿಸಿತ್ತು. ಅವರು ಅಂಪೈರ್ ಬಳಿ ಹೋಗಿ ಅಪೀಲು ಹಿಂದಕ್ಕೆ ಪಡೆದರು. ಟೇಲರ್ ಮತ್ತೆ ಬ್ಯಾಟ್ ಹಿಡಿದರು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಟೇಲರ್ ಗಳಿಸಿದ್ದು 43 ರನ್ ಅಷ್ಟೇ, ಆದರೆ ಬೋಥಮ್ ಜೊತೆ ಆರನೇ ವಿಕೆಟ್‌ಗೆ 171 ರನ್ ಸೇರಿಸಿದರು. ಬೋಥಮ್ 114 ಹೊಡೆದರು, ಪಂದ್ಯದಲ್ಲಿ 13 ವಿಕೆಟ್ ಕಿತ್ತರು. ಟೇಲರ್ ಹತ್ತು ಕ್ಯಾಚ್ ಹಿಡಿದು ಆಗಿನ ದಾಖಲೆ ಬರೆದರು. ಇಂಗ್ಲೆಂಡ್ 296, ಭಾರತ ಎರಡನೇ ಸಲ 149ಕ್ಕೆ ಕುಸಿತ. ಹತ್ತು ವಿಕೆಟ್ ಸೋಲು.

ಆ ನಾಯಕ ಹುಟ್ಟಿದ್ದು 1949ರ ಫೆಬ್ರುವರಿ 12ರಂದು, ಭದ್ರಾವತಿಯಲ್ಲಿ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಮಗ್ಗುಲಲ್ಲಿ ಹರಿಯುವ ಭದ್ರೆಯೇ ಲಕ್ಕವಳ್ಳಿಯ ಅಣೆಕಟ್ಟು ದಾಟಿ ಆ ಊರು ಸೇರುವುದು. ಮಲೆನಾಡಿನವರಿಗೆ ಭದ್ರಾವತಿ ಎಂದರೆ ಕಬ್ಬಿಣದ ಕಾರ್ಖಾನೆ. 1965ರಿಂದೀಚೆಗೆ ಆಕಾಶವಾಣಿಯ ದನಿ ಕೂಡ. ಕ್ರಿಕೆಟ್ ಊರು ಎಂದು ಅದನ್ನು ಯಾರೂ ನೆನೆಯುವುದಿಲ್ಲ. ವಿಶ್ವನಾಥ್ ಬಾಲ್ಯದಲ್ಲೇ ಬೆಂಗಳೂರಿಗೆ ಹೋದರು, ಆಟ ಕಲಿತದ್ದೂ ಅಲ್ಲೇ. ಆದರೂ ಹುಟ್ಟಿದ ಊರಿನಲ್ಲಿ ಆ ಹೆಸರು ಇನ್ನಷ್ಟು ಎದ್ದು ಕಾಣಬೇಕಿತ್ತು ಎಂಬ ಕೊರಗು ಉಳಿಯುತ್ತದೆ. 2023ರ ಆರಂಭದಲ್ಲಿ ಕಾರ್ಖಾನೆಯನ್ನೇ ಮುಚ್ಚುವ ಮಾತು ಬಂದಾಗ ಊರು ಕಳವಳಗೊಂಡಿತು. ಕಾರ್ಖಾನೆ ಸೊರಗಿದರೆ ಅದರ ಕಾಲೊನಿ, ಕ್ಲಬ್ಬು, ಮೈದಾನಗಳೂ ಸೊರಗುತ್ತವೆ. ಆಟಗಾರರು ಬೆಳೆಯುವುದು ಅಂಥ ಜಾಗಗಳಲ್ಲೇ.

ಬ್ಯಾಟ್ಸ್‌ಮನ್ ವಿಶ್ವನಾಥ್ ಕಥೆ ಕನ್ನಡಿಗರಿಗೆ ಬಾಯಿಪಾಠ. 1967ರಲ್ಲಿ ಆಂಧ್ರದ ಎದುರು ವಿಜಯವಾಡದಲ್ಲಿ ಮೊದಲ ರಣಜಿ ಪಂದ್ಯದಲ್ಲೇ 230. 1969ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಎದುರು ಕಾನ್ಪುರದಲ್ಲಿ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. 1974ರ ರಣಜಿ ಸೆಮಿಫೈನಲ್‌ನಲ್ಲಿ ಮುಂಬೈ ವಿರುದ್ಧ 162 ಹೊಡೆದು, ಹದಿನೈದು ವರ್ಷ ಸತತವಾಗಿ ಟ್ರೋಫಿ ಹಿಡಿದಿದ್ದ ತಂಡವನ್ನು ಹೊರಗಟ್ಟುವಲ್ಲಿ ದೊಡ್ಡ ಪಾಲು ಹೊತ್ತರು. 1975ರ ಜನವರಿಯಲ್ಲಿ ಚೆನ್ನೈಯಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಉರುಳಿಸುತ್ತಿದ್ದಾಗ, ತಂಡದ 190ರಲ್ಲಿ ಅಜೇಯ 97 ಇವರದೇ. ಒಟ್ಟು 91 ಟೆಸ್ಟ್, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ಗಿಡ್ಡ ಆಳು, ಮಣಿಕಟ್ಟಿನ ತಿರುವಿನಲ್ಲೇ ಸ್ಕ್ವೇರ್ ಕಟ್. ಬಾವ ಸುನಿಲ್ ಗಾವಸ್ಕರ್ ತಮ್ಮ ಮಗನ ಹೆಸರಿನಲ್ಲಿ ರೋಹನ್ ಕನ್ಹಾಯ್, ಜಯಸಿಂಹ ಅವರ ಜೊತೆಗೆ ಇವರನ್ನೂ ಸೇರಿಸಿಕೊಂಡರು: ರೋಹನ್ ಜೈವಿಶ್ವ.

ಇಷ್ಟು ದಾಖಲೆಗಳ ನಡುವೆ ಒಂದು ಗುಣ ಮಾತ್ರ ಅಂಕಿಅಂಶದಲ್ಲಿ ಸಿಗುವುದಿಲ್ಲ. ಚೆಂಡು ಬ್ಯಾಟಿಗೆ ತಾಗಿದ್ದು ಗೊತ್ತಾದರೆ ವಿಶ್ವನಾಥ್ ಅಂಪೈರ್ ಬೆರಳಿಗೆ ಕಾಯುತ್ತಿರಲಿಲ್ಲ, ತಾವೇ ನಡೆದುಬಿಡುತ್ತಿದ್ದರು. ಟೇಲರ್ ಪ್ರಸಂಗ ಆ ಒಂದು ದಿನದ ಉದಾರತೆಯಲ್ಲ. ಹತ್ತು ವರ್ಷ ತಮ್ಮ ವಿಕೆಟ್ ಬಗ್ಗೆ ಪಾಲಿಸಿದ್ದ ನಿಯಮವನ್ನೇ ಅವರು ಅಂದು ಎದುರಾಳಿಗೂ ಹಚ್ಚಿದರು.

ತಕರಾರು ಎದ್ದದ್ದು ಇಲ್ಲೇ. ಅಂಪೈರ್ ತೀರ್ಪು ಕೊಟ್ಟ ಮೇಲೆ ನಾಯಕ ಅದನ್ನು ಬದಲಿಸಬಹುದೇ? ಅಂಪೈರ್ ಒಪ್ಪಿದರೆ ನಾಯಕ ಅಪೀಲು ಹಿಂಪಡೆಯಬಹುದೆಂದು ಕ್ರಿಕೆಟ್ ನಿಯಮ ಹೇಳುತ್ತದೆ. ಅಂಪೈರ್ ಸಹ ತಪ್ಪುತ್ತಾರೆ, ಬ್ಯಾಟ್ಸ್‌ಮನ್ ಪರವಾಗಿ ತಪ್ಪಿದಾಗ ಯಾರೂ ವಾಪಸ್ ಕೊಡುವುದಿಲ್ಲ, ಹಾಗಿರುವಾಗ ಗೆಲ್ಲುವ ಪಂದ್ಯವನ್ನು ಬಿಟ್ಟುಕೊಡುವುದು ಯಾವ ನ್ಯಾಯ ಎಂಬ ವಾದವೂ ಗಟ್ಟಿಯೇ. ಆದರೆ ಆ ವಾದ ಲೆಕ್ಕಾಚಾರದ್ದು. ಔಟಲ್ಲ ಎಂದು ಕಣ್ಣಾರೆ ಕಂಡ ನಾಯಕ ಔಟೆಂದು ಸುಮ್ಮನಿದ್ದರೆ ಅದು ಸುಳ್ಳಿಗೆ ಸಹಿ ಹಾಕಿದ ಹಾಗೆ. ತಮಗೆ ಅದರ ಬಗ್ಗೆ ವಿಷಾದವಿಲ್ಲವೆಂದೇ ವಿಶ್ವನಾಥ್ ಹೇಳುತ್ತ ಬಂದಿದ್ದಾರೆ, ಅದೇ ಸರಿ.

ಒಂದೇ ವರ್ಷದ ನಂತರ ಮೆಲ್ಬರ್ನ್‌ನಲ್ಲಿ ಇದರ ಇನ್ನೊಂದು ಮುಖ ಕಂಡಿತು. ಡೆನಿಸ್ ಲಿಲ್ಲಿ ಎಸೆತದಲ್ಲಿ ಎಲ್‌ಬಿಡಬ್ಲ್ಯು ಕೊಟ್ಟದ್ದಕ್ಕೆ ಸಿಟ್ಟಾದ ನಾಯಕ ಗಾವಸ್ಕರ್, ಜೊತೆಗಾರ ಚೇತನ್ ಚೌಹಾಣ್ ಅವರನ್ನೂ ಕರೆದುಕೊಂಡು ಮೈದಾನದಿಂದ ಹೊರನಡೆದರು. ಗೇಟಿನ ಬಳಿ ಮ್ಯಾನೇಜರ್ ದುರಾನಿ ಚೌಹಾಣ್ ಅವರನ್ನು ತಡೆದು ಒಳಗೆ ಕಳಿಸದಿದ್ದರೆ ಟೆಸ್ಟ್ ಅಲ್ಲೇ ಮುಗಿಯುತ್ತಿತ್ತು. ಆ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿ 114 ಹೊಡೆದು ತಂಡವನ್ನು ಎತ್ತಿ ನಿಲ್ಲಿಸಿದ್ದವರು ವಿಶ್ವನಾಥ್. ಭಾರತ 59 ರನ್‌ಗಳಿಂದ ಗೆದ್ದಿತು.

ನಿವೃತ್ತಿಯ ನಂತರದ ವರ್ಷಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆದದ್ದು ಕಡಿಮೆ. ಭಾರತ ತಂಡದ ಮ್ಯಾನೇಜರ್ ಆದರು, ಆಯ್ಕೆ ಸಮಿತಿಯ ಅಧ್ಯಕ್ಷರಾದರು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಹುಡುಗರಿಗೆ ಕಲಿಸಿದರು. 1996ರ ಇಂಗ್ಲೆಂಡ್ ಪ್ರವಾಸಕ್ಕೆ ರಾಹುಲ್ ದ್ರಾವಿಡ್, ಸೌರವ್ ಗಂಗೂಲಿ ಆಯ್ಕೆಯಾದಾಗ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು ಅವರೇ. ಲಾರ್ಡ್ಸ್‌ನಲ್ಲಿ ಗಂಗೂಲಿ 131, ದ್ರಾವಿಡ್ 95 ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ, ಆರಿಸಿದವರ ಹೆಸರು ಹೇಳುವವರು ಕಡಿಮೆ.

1999ರಲ್ಲಿ ಅವರು ಐಸಿಸಿಯ ಮ್ಯಾಚ್ ರೆಫರಿ ಆದರು. ಆ ಹುದ್ದೆ ಆಗಿನ್ನೂ ಹೊಸತು, 1991-92ರಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಹೋದಾಗ ಶುರುವಾದದ್ದು. 2004ರವರೆಗೆ 15 ಟೆಸ್ಟ್, 78 ಏಕದಿನ ಪಂದ್ಯಗಳಿಗೆ ವಿಶ್ವನಾಥ್ ರೆಫರಿಯಾಗಿದ್ದರು. ಅಂಪೈರ್ ಮೇಲೆ ರೇಗಿದವರನ್ನು, ಸುಳ್ಳು ಅಪೀಲಿನ ಒತ್ತಡ ಹೇರಿದವರನ್ನು ಕರೆಸಿ ಕೇಳುವುದು ರೆಫರಿಯ ಕೆಲಸ. ಆದರೆ ಔಟ್ ಕೊಟ್ಟದ್ದನ್ನು ನಾಟೌಟ್ ಮಾಡುವ ಅಧಿಕಾರ ರೆಫರಿಗೆ ಇಲ್ಲ. ವಾಂಖೆಡೆಯಲ್ಲಿ ನಾಯಕನಾಗಿ ಮಾಡಿದ್ದನ್ನು ಅವರು ತೀರ್ಪುಗಾರನಾಗಿ ಮಾಡಲು ಸಾಧ್ಯವೇ ಇರಲಿಲ್ಲ.

ಆ ಕುರ್ಚಿ ಬಿಸಿಯಾಗಿದ್ದ ಕಾಲ ಅದು. 2001ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ರೆಫರಿ ಮೈಕ್ ಡೆನಿಸ್, ಸಚಿನ್ ತೆಂಡೂಲ್ಕರ್ ಸೇರಿ ಆರು ಭಾರತೀಯರಿಗೆ ಶಿಕ್ಷೆ ಕೊಟ್ಟು, ಮುಂದಿನ ಪಂದ್ಯ ಟೆಸ್ಟ್ ಮಾನ್ಯತೆಯನ್ನೇ ಕಳೆದುಕೊಂಡಿತು. ಬೇರೆ ಆಟಗಳಲ್ಲೂ ಹೀಗೇ. ರಿಬ್ಬನ್, ರಿಂಗು, ಚೆಂಡು ಹಿಡಿದು ಸಂಗೀತಕ್ಕೆ ಆಡುವ ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಆಡಿದವರೇ ಮುಂದೆ ಕೋಚ್ ಆಗಿ, ತೀರ್ಪುಗಾರರಾಗಿ ಕೂರುವುದು ರೂಢಿ. 2000ರಲ್ಲಿ ಸ್ಪೇನಿನ ಝಾರಗೋಝಾದಲ್ಲಿ ಉಕ್ರೇನಿನ ವಿಶ್ವ ಚಾಂಪಿಯನ್ ಎಲೆನಾ ವಿಟ್ರಿಚೆಂಕೊಗೆ ತೀರಾ ಕಡಿಮೆ ಅಂಕ ಬಿದ್ದು, ವಿಚಾರಣೆ ನಡೆದು, ಹಲವು ತೀರ್ಪುಗಾರರು ಅಮಾನತಾದರು. ಆಟ ಬಲ್ಲವರಿಗೆ ತಪ್ಪು ಬೇಗ ಕಾಣುತ್ತದೆ, ಪಕ್ಷವೂ ಬೇಗ ಅಂಟುತ್ತದೆ.

ಕೊಪ್ಪ, ಶೃಂಗೇರಿ ಕಡೆಯ ಮೈದಾನಗಳಲ್ಲಿ ಆಡಿದವರಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತು. ಮಳೆಗಾಲ ಮುಗಿದು ಮ್ಯಾಟ್ ಹಾಸಿದ ಮೇಲೆ ನಡೆಯುವ ಪಂದ್ಯಗಳಲ್ಲಿ ಬ್ಯಾಟಿಂಗ್ ತಂಡದ ಹುಡುಗನೇ ಅಂಪೈರ್. ತನ್ನ ಅಣ್ಣನಿಗೋ ಗೆಳೆಯನಿಗೋ ಅವನೇ ಎಲ್‌ಬಿಡಬ್ಲ್ಯು ಕೊಡಬೇಕು. ಕೊಟ್ಟು ಬೈಸಿಕೊಂಡವರೇ ಆಟದ ಕಾನೂನನ್ನು ಚೆನ್ನಾಗಿ ಕಲಿತದ್ದು. ಹಣ ಕೊಟ್ಟು ಅಂಪೈರ್ ಕರೆಸುವ ಟೂರ್ನಮೆಂಟುಗಳು ಹೆಚ್ಚಿದಂತೆ ಆ ಪಾಠ ಕಡಿಮೆಯಾಗುತ್ತಿದೆ. ಅದು ಸಣ್ಣ ನಷ್ಟವಲ್ಲ. ಕರ್ನಾಟಕಕ್ಕೆ ಆಡಿದ ಎ.ವಿ. ಜಯಪ್ರಕಾಶ್ ಅಂಪೈರ್ ಆಗಿ, 1999ರಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಹತ್ತೂ ವಿಕೆಟ್ ಪಡೆದಾಗ ಕುಂಬ್ಳೆ ಎಸೆಯುತ್ತಿದ್ದ ತುದಿಯಲ್ಲಿ ನಿಂತಿದ್ದರು. ಜಾವಗಲ್ ಶ್ರೀನಾಥ್ 2006ರಿಂದ ಮ್ಯಾಚ್ ರೆಫರಿ. ಆಡಿ ಬಂದು ತೀರ್ಪು ಕೊಡುವ ಪರಂಪರೆ ರಾಜ್ಯಕ್ಕೆ ಇದೆ.

2011ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಇಯಾನ್ ಬೆಲ್ ರನೌಟಾದಾಗ ಎಂ.ಎಸ್. ಧೋನಿ ಟೀ ವಿರಾಮದಲ್ಲಿ ಅಪೀಲು ಹಿಂಪಡೆದು ಅವರನ್ನು ಮತ್ತೆ ಆಡಿಸಿದರು. ಆ ಟೆಸ್ಟನ್ನೂ ಭಾರತ ಸೋತಿತು. 2020ರಲ್ಲಿ ಐಸಿಸಿ ಅದಕ್ಕೆ ದಶಕದ ಕ್ರೀಡಾಮನೋಭಾವ ಪ್ರಶಸ್ತಿ ಕೊಟ್ಟಿತು, ಕೊಟ್ಟದ್ದು ಸರಿಯೇ. ವಿಶ್ವನಾಥ್ ಅವರ ಕಾಲಕ್ಕೆ ಅಂಥ ಪ್ರಶಸ್ತಿ ಇರಲಿಲ್ಲ. ಗಾವಸ್ಕರ್ ಬಿಟ್ಟುಕೊಟ್ಟಾಗ ಸಿಕ್ಕಿದ್ದ ನಾಯಕತ್ವದಲ್ಲಿ ಅವರು ಆಡಿದ್ದು ಎರಡೇ ಟೆಸ್ಟ್: ಕೋಲ್ಕತ್ತದಲ್ಲಿ ಪಾಕಿಸ್ತಾನದ ಎದುರು ಡ್ರಾ, ಮುಂಬೈಯಲ್ಲಿ ಈ ಸೋಲು. ಆಮೇಲೂ ಮೂರು ವರ್ಷ ತಂಡದಲ್ಲಿದ್ದರು. ಟೆಸ್ಟ್ ನಾಯಕತ್ವ ಮಾತ್ರ ಮತ್ತೆ ಅವರ ಬಳಿ ಬರಲಿಲ್ಲ.