ಪಿಪಿಇ ಕಿಟ್ ಹಾಕಿಕೊಂಡರೆ ನರ್ಸ್‌ಗೆ ಸೋಂಕು ತಗುಲುವುದೇ ಇಲ್ಲವೇ?

ಕೋವಿಡ್ ಕಾಲದಲ್ಲಿ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡಿದವು. ನರ್ಸ್‌ಗಳಿಗೆ ಕಿಟ್ ಕೊಟ್ಟಿದ್ದಾರೆ, ಅವರಿಗೇನೂ ಆಗುವುದಿಲ್ಲ ಎನ್ನುವುದು ಒಂದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ವೈರಸ್ ಹೊತ್ತು ಮನೆಗೆ ಬರುತ್ತಾರೆ, ಅವರನ್ನು ದೂರ ಇಡಿ ಎನ್ನುವುದು ಇನ್ನೊಂದು. ಒಂದಕ್ಕೊಂದು ತದ್ವಿರುದ್ಧ. ಹೊಸ ಸೋಂಕಿನ ಸುದ್ದಿ ಬಂದಾಗಲೆಲ್ಲ ಇಂಥವು ಬೇರೆ ರೂಪದಲ್ಲಿ ಮರಳಿ ಬರುತ್ತವೆ. ಹಾಗಾಗಿ ಕಿಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಳ್ಳೋಣ.

ಕಿಟ್‌ನಲ್ಲಿ ಏನೇನಿರುತ್ತದೆ?

ಪಿಪಿಇ ಎಂದರೆ ವೈಯಕ್ತಿಕ ರಕ್ಷಣಾ ಸಾಧನ. ಮೈಮುಚ್ಚುವ ಗೌನ್ ಅಥವಾ ಕವರಾಲ್, ಮಾಸ್ಕ್, ಕಣ್ಣಿಗೆ ಗಾಗಲ್ಸ್ ಅಥವಾ ಫೇಸ್‌ಶೀಲ್ಡ್, ಗ್ಲೌಸ್, ಶೂ ಕವರ್ ಇವೆಲ್ಲ ಸೇರಿ ಒಂದು ಕಿಟ್. ಕವರಾಲ್ ಎಂದರೆ ಸಾದಾ ರೇನ್‌ಕೋಟ್ ಅಲ್ಲ. ಅದರ ಬಟ್ಟೆಯ ಮೂಲಕ ರಕ್ತ ಒಳಗೆ ಇಳಿಯುತ್ತದೆಯೇ ಎಂದು ಕೃತಕ ರಕ್ತ ಬಳಸಿ ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿ 2020ರ ಆರಂಭದಲ್ಲಿ ಈ ಪರೀಕ್ಷೆ ನಡೆಯುತ್ತಿದ್ದ ಪ್ರಮುಖ ಜಾಗ ಕೊಯಮತ್ತೂರಿನ ಸಿಟ್ರಾ ಸಂಸ್ಥೆ.

ಆಗ ನಮ್ಮಲ್ಲಿ ಇಂಥ ಕವರಾಲ್‌ಗಳ ತಯಾರಿಕೆ ಇರಲೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು. ಏಪ್ರಿಲ್ ಕೊನೆಯ ಹೊತ್ತಿಗೆ ದಿನಕ್ಕೆ 1 ಲಕ್ಷಕ್ಕೂ ಹೆಚ್ಚು ತಯಾರಾಗತೊಡಗಿದವು. ಅದರಲ್ಲಿ ಸುಮಾರು ಅರ್ಧದಷ್ಟು ಹೊಲಿದು ಬಂದದ್ದು ಬೆಂಗಳೂರಿನಿಂದ. ಇದು ಸಣ್ಣ ಸಾಧನೆಯಲ್ಲ. ಆದರೆ ಕಿಟ್ ಕೈಗೆ ಬಂದ ಮಾತ್ರಕ್ಕೆ ನರ್ಸ್ ಸುರಕ್ಷಿತ ಎಂದುಕೊಳ್ಳುವುದೇ ತಪ್ಪು.

ಅಪಾಯ ಹೆಚ್ಚಿರುವುದು ಬಿಚ್ಚುವಾಗ

ಹೋಳಿ ಆಡಿ ಬಂದು ಬಣ್ಣ ಮೆತ್ತಿದ ಅಂಗಿಯನ್ನು ತಲೆಯ ಮೇಲಿಂದ ತೆಗೆದದ್ದು ನೆನಪಿದೆಯೇ? ಅಲ್ಲಿಯವರೆಗೆ ಸ್ವಚ್ಛವಾಗಿದ್ದ ಮುಖಕ್ಕೂ ಬಣ್ಣ ತಾಗುತ್ತದೆ. ಪಿಪಿಇ ಕಿಟ್‌ನ ಕಥೆಯೂ ಇದೇ. ವ್ಯತ್ಯಾಸ ಇಷ್ಟೇ, ಇಲ್ಲಿನ ‘ಬಣ್ಣ’ ಕಣ್ಣಿಗೆ ಕಾಣುವುದಿಲ್ಲ. ಗ್ಲೌಸ್‌ನ ಹೊರಮೈ, ಗೌನ್‌ನ ಎದೆಭಾಗ, ಮಾಸ್ಕ್‌ನ ಮುಂಭಾಗ ಎಲ್ಲವನ್ನೂ ಸೋಂಕು ತಗುಲಿದ್ದು ಎಂದೇ ಲೆಕ್ಕ ಹಿಡಿಯಬೇಕು.

ಅದಕ್ಕೇ ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಸಾಮಾನ್ಯ ಗೌನ್ ಇರುವ ಕಿಟ್ ಆದರೆ ಮೊದಲು ಗ್ಲೌಸ್, ಆಮೇಲೆ ಗಾಗಲ್ಸ್ ಅಥವಾ ಫೇಸ್‌ಶೀಲ್ಡ್, ನಂತರ ಗೌನ್ ತೆಗೆಯುತ್ತಾರೆ. ಗೌನ್ ತೆಗೆಯುವಾಗ ಒಳಮೈ ಹೊರಗೆ ಬರುವಂತೆ ಸುರುಳಿ ಸುತ್ತಬೇಕು. ಎಲ್ಲಕ್ಕಿಂತ ಕೊನೆಗೆ, ರೋಗಿಯ ಕೋಣೆಯಿಂದ ಹೊರಬಂದ ಮೇಲೆ, ಮಾಸ್ಕ್. ಅದನ್ನೂ ಹಿಂದಿನ ದಾರ ಹಿಡಿದು ತೆಗೆಯಬೇಕು, ಮುಂಭಾಗ ಮುಟ್ಟಬಾರದು. ನಡುವೆ ಕೈಗೆ ಏನಾದರೂ ತಾಗಿದರೆ ಆಗಲೇ ಕೈ ಶುಚಿ ಮಾಡಿಕೊಳ್ಳಬೇಕು, ಕೊನೆಯಲ್ಲಂತೂ ತಪ್ಪದೆ ಮಾಡಿಕೊಳ್ಳಬೇಕು. ಕಿಟ್‌ನ ಬಗೆಗೆ ತಕ್ಕಂತೆ ಈ ಕ್ರಮ ತುಸು ಬದಲಾಗುತ್ತದೆ.

ಈ ಪಾಠ ಜಗತ್ತಿಗೆ ಗಟ್ಟಿಯಾಗಿ ತಟ್ಟಿದ್ದು 2014ರಲ್ಲಿ. ಅಮೆರಿಕದ ಡಲ್ಲಾಸ್‌ನಲ್ಲಿ ಎಬೋಲಾ ರೋಗಿಯೊಬ್ಬರ ಆರೈಕೆ ಮಾಡಿದ ಇಬ್ಬರು ನರ್ಸ್‌ಗಳಿಗೆ ಸೋಂಕು ತಗುಲಿತು. ಇಬ್ಬರೂ ರಕ್ಷಣಾ ಉಡುಪು ಧರಿಸಿದ್ದವರೇ. ಅದೃಷ್ಟವಶಾತ್ ಇಬ್ಬರೂ ಗುಣಮುಖರಾದರು. ಆ ಅಕ್ಟೋಬರ್ 20ರಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ನಿಯಮಗಳನ್ನು ಬಿಗಿಗೊಳಿಸಿತು. ಹಾಕುವುದು ಮತ್ತು ಬಿಚ್ಚುವುದನ್ನು ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿಸಬೇಕು, ಚರ್ಮ ಎಲ್ಲೂ ತೆರೆದಿರಬಾರದು, ತರಬೇತಿ ಪಡೆದ ಇನ್ನೊಬ್ಬರು ಪಕ್ಕದಲ್ಲಿ ನಿಂತು ಪ್ರತಿ ಹೆಜ್ಜೆಯನ್ನೂ ಗಮನಿಸಬೇಕು ಎಂದಿತು.

ಮೂರು ಫಾರ್ವರ್ಡ್, ಮೂರು ಉತ್ತರ

ಒಂದನೆಯದು: ‘ಎನ್95 ತಡೆಯುವುದು 0.3 ಮೈಕ್ರಾನ್ ಕಣವನ್ನು, ವೈರಸ್ 0.1 ಮೈಕ್ರಾನ್. ಹಾಗಾಗಿ ಮಾಸ್ಕ್ ದಂಡ.’ ಕೇಳಲು ಸರಿ ಎನಿಸುತ್ತದೆ, ಆದರೆ ತಪ್ಪು. ಮಾಸ್ಕ್ ಹಿಟ್ಟಿನ ಜರಡಿಯಂತೆ ಕೆಲಸ ಮಾಡುವುದಿಲ್ಲ. ದೊಡ್ಡ ಕಣಗಳು ನೇರವಾಗಿ ಹೋಗಿ ಎಳೆಗಳಿಗೆ ಬಡಿಯುತ್ತವೆ. ತೀರಾ ಸಣ್ಣವು ಗಾಳಿಯಲ್ಲಿ ಅಡ್ಡಾದಿಡ್ಡಿ ಅಲೆದಾಡುತ್ತ ಎಳೆಗಳಿಗೆ ಅಂಟಿಕೊಳ್ಳುತ್ತವೆ. ನುಸುಳಲು ಹೆಚ್ಚು ಅವಕಾಶ ಇರುವುದು ಇವೆರಡರ ನಡುವಿನ, ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಿಗೆ. ಆ ಕಷ್ಟದ ಗಾತ್ರದಲ್ಲೇ ಕನಿಷ್ಠ ಶೇ. 95ರಷ್ಟನ್ನು ತಡೆದರೆ ಮಾತ್ರ ಅದಕ್ಕೆ ಎನ್95 ಎಂಬ ಹೆಸರು. ಅಲ್ಲದೆ ವೈರಸ್ ಬರುವುದು ಬರಿಯ ವೈರಸ್ ಆಗಿ ಅಲ್ಲ, ಉಸಿರಿನ ತುಂತುರಿನ ಜೊತೆಗೆ.

ಎರಡನೆಯದು: ‘ಎನ್95 ಅನ್ನು ಸೋಪಿನಲ್ಲಿ ತೊಳೆದು ಅಥವಾ ಸ್ಯಾನಿಟೈಸರ್ ಸಿಂಪಡಿಸಿ ಮತ್ತೆ ಬಳಸಬಹುದು.’ ಬೇಡ. ಈ ಮಾಸ್ಕ್‌ನ ಒಳಪದರದ ಎಳೆಗಳಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತದೆ. ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವ ಹಾಗೆ ಇದು ಕಣಗಳನ್ನು ಎಳೆದುಕೊಳ್ಳುತ್ತದೆ. ಸೋಪು ಮತ್ತು ಆಲ್ಕೋಹಾಲ್ ಈ ವಿದ್ಯುತ್ತನ್ನು ಕಳೆದುಬಿಡುತ್ತವೆ. ಮಾಸ್ಕ್ ನೋಡಲು ಹೊಸದರಂತೆಯೇ ಇರುತ್ತದೆ, ಸೋಸುವ ಶಕ್ತಿ ಮಾತ್ರ ಕುಗ್ಗಿರುತ್ತದೆ. ವಾಲ್ವ್ ಇರುವ ಎನ್95 ಕೂಡ ಸೋಂಕು ಹರಡದಂತೆ ತಡೆಯುವುದಿಲ್ಲ, ಏಕೆಂದರೆ ಹಾಕಿಕೊಂಡವರ ಉಸಿರು ಸೋಸದೆ ಹೊರಹೋಗುತ್ತದೆ. 2020ರ ಜುಲೈನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ರಾಜ್ಯಗಳಿಗೆ ಪತ್ರ ಬರೆದು ಇದನ್ನೇ ಎಚ್ಚರಿಸಿತ್ತು.

ಮೂರನೆಯದು: ‘ಗ್ಲೌಸ್ ಇದ್ದರೆ ಕೈ ತೊಳೆಯಬೇಕಿಲ್ಲ.’ ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರಬಹುದು, ತೆಗೆಯುವಾಗ ಕೈಗೆ ಸೋಂಕು ತಾಗಲೂಬಹುದು. ಅದೇ ಗ್ಲೌಸ್‌ನಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋದರೆ ಸೋಂಕನ್ನು ಹೊತ್ತೊಯ್ದಂತೆ. ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿಗೆ ಐದು ಸಂದರ್ಭಗಳನ್ನು ಹೇಳಿದೆ: ರೋಗಿಯನ್ನು ಮುಟ್ಟುವ ಮೊದಲು, ಶುಚಿಯಾಗಿ ಮಾಡಬೇಕಾದ ಚಿಕಿತ್ಸಾ ಕೆಲಸಕ್ಕೆ ಮೊದಲು, ದೇಹದ ದ್ರವ ತಾಗಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಗ್ಲೌಸ್ ಇರಲಿ, ಬಿಡಲಿ, ಈ ಐದು ತಪ್ಪುವಂತಿಲ್ಲ.

ಕಿಟ್ ಕೊನೆಯ ಗೋಡೆ, ಮೊದಲನೆಯದಲ್ಲ

2003ರಲ್ಲಿ ಜಗತ್ತನ್ನು ಕಾಡಿದ ಸಾರ್ಸ್ ತಗುಲಿದ್ದು 8,096 ಮಂದಿಗೆ. ಅವರಲ್ಲಿ ಸುಮಾರು 1,700 ಮಂದಿ ಆರೋಗ್ಯ ಸಿಬ್ಬಂದಿ. ಅಂದರೆ ಸೋಂಕಿತರ ಪ್ರತಿ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು.

ನಮ್ಮ ಪಕ್ಕದ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ 2018ರ ಮೇ ತಿಂಗಳಲ್ಲಿ ನಿಫಾದಿಂದ ತೀರಿಕೊಂಡರು. ಅವರು ಆರೈಕೆ ಮಾಡಿದ ರೋಗಿಗೆ ಬಂದಿರುವುದು ನಿಫಾ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕಾಯಿಲೆಗೆ ಹೆಸರು ಸಿಗುವ ಮೊದಲೇ ನರ್ಸ್ ರೋಗಿಯ ಹಾಸಿಗೆಯ ಪಕ್ಕದಲ್ಲಿ ಇರುತ್ತಾರೆ. ಅದಕ್ಕೇ ಕೈ ಶುಚಿ, ಕೆಮ್ಮುವವರಿಗೆ ಬಾಗಿಲಲ್ಲೇ ಮಾಸ್ಕ್, ದ್ರವ ಸಿಡಿಯುವ ಕೆಲಸಕ್ಕೆ ಗ್ಲೌಸ್ ಮತ್ತು ಗಾಗಲ್ಸ್ ಇವು ಸಾಂಕ್ರಾಮಿಕ ಬಂದಾಗ ಮಾತ್ರವಲ್ಲ, ಪ್ರತಿದಿನವೂ ಬೇಕು.

ಸೋಂಕು ತಡೆಯುವ ಕ್ರಮಗಳಿಗೆ ಒಂದು ಮೆಟ್ಟಿಲ ಸಾಲು ಇದೆ. ಮೊದಲು ಶಂಕಿತ ರೋಗಿಗಳನ್ನು ಬೇಗ ಗುರುತಿಸಿ ಬೇರೆ ಕೋಣೆಗೆ ಕಳಿಸುವುದು, ಗಾಳಿ ಚೆನ್ನಾಗಿ ಆಡುವಂತೆ ನೋಡಿಕೊಳ್ಳುವುದು. ನಂತರ ಸಾಕಷ್ಟು ಸಿಬ್ಬಂದಿ, ತರಬೇತಿ, ಪಾಳಿಗಳ ನಡುವೆ ವಿಶ್ರಾಂತಿ. ಪಿಪಿಇ ಬರುವುದು ಕೊನೆಯಲ್ಲಿ. ಮೇಲಿನವು ಕೈಕೊಟ್ಟಾಗ ಎಲ್ಲ ಭಾರವೂ ಆ ಕಿಟ್ ಮೇಲೆ ಬೀಳುತ್ತದೆ. ಕಿಟ್ ಒಳಗೆ ಗಂಟೆಗಟ್ಟಲೆ ಬೆವರು, ಮಂಜು ಕವಿದ ಗಾಗಲ್ಸ್. ನೀರು ಕುಡಿಯುವಂತಿಲ್ಲ, ಶೌಚಕ್ಕೆ ಹೋಗುವಂತಿಲ್ಲ. ಅಷ್ಟು ದಣಿದವರು ಬಿಚ್ಚುವಾಗ ಒಂದು ಹೆಜ್ಜೆ ತಪ್ಪಿದರೆ ಅದು ಬರೀ ಅವರ ಅಜಾಗರೂಕತೆಯಲ್ಲ, ವ್ಯವಸ್ಥೆಯ ಕೊರತೆಯೂ ಹೌದು.

ಹಾಗಾದರೆ ನರ್ಸ್‌ಗಳನ್ನು ದೂರ ಇಡಬೇಕೆ?

ಖಂಡಿತ ಬೇಡ. ಕ್ರಮವಾಗಿ ಕಿಟ್ ಬಿಚ್ಚಿ, ಕೈ ತೊಳೆದು, ಬಟ್ಟೆ ಬದಲಿಸಿ ಮನೆಗೆ ಬರುವ ನರ್ಸ್‌ಗೆ ಸೋಂಕಿನ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ಎಚ್ಚರ ಇರುತ್ತದೆ. 2020ರಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ, ಬಾಡಿಗೆ ಮನೆ ಖಾಲಿ ಮಾಡಿಸುವುದು ಹೆಚ್ಚಾದಾಗ ಕೇಂದ್ರ ಸರ್ಕಾರ ಏಪ್ರಿಲ್ 22ರಂದು ಸುಗ್ರೀವಾಜ್ಞೆ ತಂದು, ಅವರ ಮೇಲಿನ ಹಿಂಸೆಯನ್ನು ಜಾಮೀನುರಹಿತ ಅಪರಾಧವಾಗಿಸಿತು. ಗಂಭೀರ ಗಾಯವಾದರೆ 7 ವರ್ಷದವರೆಗೆ ಜೈಲು. ಆ ಕಾನೂನು ಬೇಕಾಗುವಂಥ ಭಯವನ್ನು ಊರೂರಿಗೆ ಹರಡಿದ್ದರಲ್ಲಿ ನಮ್ಮ ಫೋನ್‌ಗಳ ಪಾಲೂ ಇದೆ.

ಮುಂದಿನ ಸಲ ಇಂಥ ಸಂದೇಶ ಬಂದಾಗ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲೋ ಬಂಧುಗಳಲ್ಲೋ ಒಬ್ಬ ನರ್ಸ್ ಇದ್ದೇ ಇರುತ್ತಾರೆ. ‘ಇದು ನಿಜವೇ ಅಕ್ಕ?’ ಎಂದು ಅವರನ್ನು ಕೇಳಿ, ಆಮೇಲೆ ಫಾರ್ವರ್ಡ್ ಮಾಡುವುದೋ ಅಳಿಸುವುದೋ ನಿರ್ಧರಿಸಿ.