ಒಬ್ಬ ಮನುಷ್ಯ, ಒಂದು ಗಿಟಾರು, ಎಷ್ಟು ಕೈ?

ಎರಡನೇ ಗಿಟಾರು ಎಲ್ಲಿದೆ? ವೇದಿಕೆಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದೆ. ಇಲ್ಲ! ಕಪ್ಪು ಬೆರೆ ಟೋಪಿಯ ಒಬ್ಬರು, ಒಂದು ಮೈಕು, ಒಂದು ಅಕೂಸ್ಟಿಕ್ ಗಿಟಾರು. ಅಷ್ಟೇ. ಆದರೆ ಕಿವಿಗೆ ಬೀಳುತ್ತಿರುವುದೇ ಬೇರೆ. ಮಂದ್ರದಲ್ಲಿ ಲಯ ಒಂದು ಕ್ಷಣವೂ ಬಿಡದೆ ಓಡುತ್ತಿದೆ, ತಾರದಲ್ಲಿ ಇನ್ನೊಂದು ರಾಗ ಅದರ ಜತೆ ಜಗಳಕ್ಕೆ ನಿಂತಿದೆ, ಎರಡರ ನಡುವೆ ತುಂಬುದನಿಯೊಂದು ಆರಾಮಾಗಿ ಕಥೆ ಹೇಳುತ್ತಿದೆ!

ಇವರು ರಿಚರ್ಡ್ ಥಾಂಪ್ಸನ್. 1949ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ, 1967ರಲ್ಲಿ, ‘ಫೇರ್‌ಪೋರ್ಟ್ ಕನ್ವೆನ್ಷನ್’ ತಂಡ ಕಟ್ಟಿದವರಲ್ಲೊಬ್ಬರು. ಬ್ರಿಟನ್ನಿನ ಹಳೆಯ ಲಾವಣಿಗಳಿಗೆ ಎಲೆಕ್ಟ್ರಿಕ್ ಗಿಟಾರಿನ ಮಿಂಚು ಹರಿಸಿದ ತಂಡವದು. ವರ್ಷಗಟ್ಟಲೆ ಹೆಡ್‌ಫೋನಿನಲ್ಲಿ ಕೇಳಿದ್ದೆ. ಏನೂ ಕೇಳಿರಲಿಲ್ಲ ಎಂದು ಗೊತ್ತಾದದ್ದು ಅವರ ಬಲಗೈ ನೋಡಿದ ಮೇಲೆ!

ಗುಟ್ಟಿರುವುದು ಅಲ್ಲೇ. ಹೆಬ್ಬೆರಳು, ತೋರುಬೆರಳಿನ ನಡುವೆ ತಂತಿ ಮೀಟುವ ಪಿಕ್. ಅದು ದಪ್ಪ ತಂತಿಗಳ ಪಾಲು. ಖಾಲಿ ಉಳಿದ ನಡುಬೆರಳು, ಉಂಗುರ ಬೆರಳು ಸಣ್ಣ ತಂತಿಗಳ ಮೇಲೆ ತಮ್ಮದೇ ರಾಗ ಮೀಟುತ್ತವೆ. ಒಂದೇ ಅಂಗೈಯಲ್ಲಿ ಇಬ್ಬರು ವಾದಕರು!

ಆಮೇಲೆ ಬಂತು ‘1952 ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್’. ಸಭೆ ಉಸಿರು ಹಿಡಿದುಕೊಂಡಿತು. 1991ರ ‘ರೂಮರ್ ಅಂಡ್ ಸೈ’ ಆಲ್ಬಮ್ಮಿನ ಹಾಡು, ಹೆಸರು ಒಂದು ಮೋಟಾರ್ ಸೈಕಲ್ಲಿನದು. ಎರಡು ದಪ್ಪ ತಂತಿಗಳ ಶ್ರುತಿ ಇಳಿಸಿ, ಮೂರನೇ ಮೆಟ್ಟಿಲಿಗೆ ಕ್ಯಾಪೊ ಎಂಬ ಕ್ಲಿಪ್ಪು ಬಿಗಿದರೆ ಗಿಟಾರಿನ ಹೊಟ್ಟೆಯಿಂದ ಎಂಜಿನ್ ಗುಡುಗುತ್ತದೆ! ಕಥೆಯೋ, ಅಪ್ಪಟ ಲಾವಣಿ: ದರೋಡೆಕೋರ ಜೇಮ್ಸ್, ಕೆಂಪು ಕೂದಲಿನ ಹುಡುಗಿ ಮಾಲಿ, ಸಾಯುವ ಹೊತ್ತಿಗೆ ಅವನು ಅವಳ ಕೈಗಿಡುವ ಮೋಟಾರ್ ಸೈಕಲ್ಲಿನ ಕೀಲಿ. ಹಿಂದಿನ ಲಾವಣಿಯಲ್ಲಿ ಕುದುರೆ ಇರುತ್ತಿದ್ದ ಜಾಗದಲ್ಲಿ ಇಲ್ಲಿ ಇಂಗ್ಲೆಂಡಿನ ಸ್ಟೀವನೇಜ್‌ನಲ್ಲಿ ತಯಾರಾದ ರೇಸ್ ಬೈಕು. 2011ರಲ್ಲಿ ‘ಟೈಮ್’ ಪತ್ರಿಕೆ ತನ್ನ ನೂರು ಶ್ರೇಷ್ಠ ಹಾಡುಗಳ ಪಟ್ಟಿಗೆ ಇದನ್ನು ಸೇರಿಸಿತು. ಸೇರಿಸದೆ ಏನು ಮಾಡೀತು!

ಇಷ್ಟಕ್ಕೇ ಬೆರಗು ಮುಗಿಯುವುದಿಲ್ಲ. ಸಹಸ್ರಮಾನದ ಅತ್ಯುತ್ತಮ ಹಾಡುಗಳನ್ನು ಪಟ್ಟಿ ಮಾಡಿಕೊಡಿ ಎಂದು 1999ರಲ್ಲಿ ‘ಪ್ಲೇಬಾಯ್’ ಪತ್ರಿಕೆ ಥಾಂಪ್ಸನ್ನರನ್ನು ಕೇಳಿತ್ತಂತೆ. ಈ ಪುಣ್ಯಾತ್ಮ ಮಾತನ್ನು ಅಕ್ಷರಶಃ ತೆಗೆದುಕೊಂಡು ನಿಜಕ್ಕೂ ಸಾವಿರ ವರ್ಷ ಹಿಂದಕ್ಕೆ ಹೊರಟುಬಿಟ್ಟರು! ಪಟ್ಟಿ ಅಚ್ಚಾಗಲಿಲ್ಲ, ಅದೇ ಒಂದು ಕಛೇರಿಯಾಯಿತು, ಆಲ್ಬಮ್ ಆಯಿತು. ಅದರಲ್ಲಿ ಹದಿಮೂರನೇ ಶತಮಾನದ ಇಂಗ್ಲಿಷ್ ಹಾಡಿದೆ, ಬ್ರಿಟ್ನಿ ಸ್ಪಿಯರ್ಸ್ ಹಾಡೂ ಇದೆ. ಆ ಪಾಪ್ ಹಾಡು ಇವರ ಕೈಯಲ್ಲಿ ಹಳೆಯ ಲಾವಣಿಯ ತಂಗಿಯೇ ಅನ್ನಿಸುತ್ತದೆ.

ತಂಡ ಪಕ್ಕಕ್ಕೆ ಸರಿದಾಗಲೇ ಹಾಡಿನ ಮೂಳೆ, ಮಜ್ಜೆ ಕಾಣುವುದು. ಡ್ರಮ್ಮಿನ ಮರೆಯಿಲ್ಲ, ಕೋರಸ್ಸಿನ ಆಸರೆಯಿಲ್ಲ. ಗಟ್ಟಿ ಹಾಡು ಮಾತ್ರ ನಿಲ್ಲುತ್ತದೆ. ಥಾಂಪ್ಸನ್ನರ ಹಾಡುಗಳು ಬಂಡೆಯಂತೆ ನಿಲ್ಲುತ್ತವೆ. ಹೊಸಬರು 2014ರ ‘ಅಕೂಸ್ಟಿಕ್ ಕ್ಲಾಸಿಕ್ಸ್’ನಿಂದ ಶುರುಮಾಡಿ. ಎಲ್ಲಾದರೂ ಅವರ ಒಂಟಿ ಕಛೇರಿಗೆ ಟಿಕೆಟ್ ಸಿಕ್ಕಿತೋ, ಯೋಚಿಸದೆ ಹೋಗಿ. ಸೀಟು ಮಾತ್ರ ಬಲಗೈ ಕಾಣುವ ಕಡೆಯೇ ಹಿಡಿಯಿರಿ.